ಖಾಲಿ ಗಾಡಿಯ ತೂಕ

ಲೆಕ್ಕ ಬರೆದದ್ದು ತೂಕದ ಚೀಟಿಯ ಬೆನ್ನಿಗೆ.
ಮುಂದೆ ಯಾರದೋ ಲಾರಿ, ಯಾರದೋ ಮೆಣಸಿನಕಾಯಿ,
ಹಿಂದೆ ನಮ್ಮ ಮೂವರ ಶಿಕಾರಿ.

ಶಿಕಾರಿ ಅಂತ ಹೆಸರಿಟ್ಟವನು ಚನ್ನವೀರಯ್ಯ,
ದಲಾಲಿ ಅಂಗಡಿಯ ಗುಮಾಸ್ತ, ಕೆಂಪು ವಹಿಯ ಮನುಷ್ಯ.
ಕೋವಿಯಿಲ್ಲ, ಗುಂಡಿಲ್ಲ. ಹೊಡೆದರೆ ಜೈಲು,
ನಮಗೂ ಅದು ಬೇಕಾಗಿಲ್ಲ.
ಹೋಗುವುದು, ನಿಲ್ಲುವುದು, ಒಂದು ಸಲ ನೋಡುವುದು,
ಕೂಗಿದರೆ ಕೇಳುವುದು, ಬರುವುದು.

ಶುರುವಾದದ್ದು ಹೋದ ಮಾಘದಲ್ಲಿ.
ಕಾಶ್ಮೀರದ ಲಾರಿಯವ, ಪಾಳಿ ಸಿಗದೆ
ರಾತ್ರಿಯೆಲ್ಲ ನನ್ನ ಕಾಟಾದ ಪಕ್ಕ ಬೆಂಕಿ ಹಾಕಿ ಕೂತವ,
ತನ್ನೂರ ಸಾರಂಗದ ಮಾತು ತೆಗೆದ.
ಹಂಗುಲ್ ಅಂದ.
ಎರಡೂ ಕೈ ಬಾಯಿಗೆ ಬೊಗಸೆ ಮಾಡಿ ಕೂಗಿ ತೋರಿಸಿದ.
ಬ್ಯಾಡಗಿ ಯಾರ್ಡಿನ ನಾಯಿಗಳೆಲ್ಲ
ಒಂದೇ ಏಟಿಗೆ ಬಾಯಿ ಮುಚ್ಚಿದವು.
ಆಮೇಲೆ ಘಾಟಿಗೆ ಅವನಿಗೆ ಕೆಮ್ಮು ಬಂತು,
ನಕ್ಕೆವು. ಹಮಾಲ ಹಜರೇಸಾಬ ನಗಲಿಲ್ಲ.
ಚೀಲ ಇಳಿಸಿ ಹಾಗೇ ನಿಂತಿದ್ದ.

ನವರಾತ್ರಿ ಸುಮಾರಿಗೆ ಕೂಗುತ್ತದಂತೆ ಅದು, ಹೆಣ್ಣಿಗಾಗಿ.
ಒಳ್ಳೆಯದು. ಆಗ ಇಲ್ಲಿ ಆವಕ ಇರುವುದಿಲ್ಲ,
ಕಾಟಾದ ಮೇಲೆ ಆಡು ಮಲಗಿರುತ್ತವೆ.

ರೈಲು, ಹೋಗಿ ಬರಲಿಕ್ಕೆ, ಮೂವರಿಗೆ ಏಳು ಸಾವಿರದ ಇನ್ನೂರು.
ಜಮ್ಮುವಿನಿಂದ ಮೇಲೆ ಜೀಪು ಆರು. ಖೋಲಿ ಆರು.
ದಾರಿ ತೋರಿಸುವವನಿಗೆ ನಾಲ್ಕು ದಿನಕ್ಕೆ ಆರು.
"ಎಲ್ಲಾ ಆರಾರನ ಐತಲ್ಲೋ," ಅಂದ ಚನ್ನವೀರಯ್ಯ.
ಅವನ ವಹಿಯಲ್ಲಿ ದುಂಡು ಅಂಕಿ ಅಂದರೆ ಕಳ್ಳ ಅಂಕಿ.
ಊಟಕ್ಕೆ ಒಂಬತ್ತು ಬರೆದಿದ್ದೆ;
ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡರೆ
ಐದು ಸಾವಿರದ ನಾನೂರಕ್ಕೆ ಇಳಿಯಿತು.
ಸ್ವೆಟರ್, ಬೂಟು ನಾಲ್ಕೂವರೆ.
ಹುಬ್ಬಳ್ಳಿಯಲ್ಲಿ ಹಳೆಯ ದುರ್ಬೀನು ಒಂದು ನೋಡಿಟ್ಟಿದ್ದೇವೆ,
ಎಡಗಣ್ಣಿಗೆ ಬೂಷ್ಟು ಹಿಡಿದಿದೆ,
ಮೂರು ಸಾವಿರದ ಒಂಬೈನೂರು.

ಮೂವತ್ತೊಂಬತ್ತು ಸಾವಿರ. ತಲೆಗೆ ಹದಿಮೂರು.
ತಿಂಗಳಿಗೆ ಸಾವಿರದಂತೆ ಹದಿಮೂರು ತಿಂಗಳ ಭಿಶಿ.

ಕಸ್ತೂರಿ, ನನ್ನ ಹೆಂಡತಿ, ಚೀಟಿ ತಿರುವಿ ನೋಡಿ ಕೇಳಿದಳು:
"ಕೊಲ್ಲಂಗಿಲ್ಲ, ತಿನ್ನಂಗಿಲ್ಲ, ಮುಟ್ಟಂಗೂ ಇಲ್ಲ.
ರಾಣೆಬೆನ್ನೂರಾಗ ಕೃಷ್ಣಮೃಗ ಹಿಂಡಹಿಂಡ ಅದಾವ,
ಬಸ್ಸಿಗೆ ನನಗ ಫ್ರೀ, ನಿಮಗ ನಲವತ್ತ ರೂಪಾಯಿ.
ಅವನ್ನ ನೋಡಿದ್ರ ಕಣ್ಣಿಗೆ ಸಾಲಂಗಿಲ್ಲೇನು?"
ನನ್ನ ಹತ್ತಿರ ಉತ್ತರವಿರಲಿಲ್ಲ. ಚಹಾ ಕುಡಿದೆ.

ದಾರಿ ತೋರಿಸುವವ ಫೋನಿನಲ್ಲಿ ಮೊದಲೇ ಹೇಳಿಬಿಟ್ಟ:
ಕಾಣದಿದ್ದರೂ ಹಣ ವಾಪಸಿಲ್ಲ.
ಉಳಿದಿರುವುದು ಕೆಲವೇ ನೂರು, ಕಾಡು ದೊಡ್ಡದು.
ಚನ್ನವೀರಯ್ಯ ಪೆನ್ನು ಹಿಡಿದು ಕೂತ.
'ಕಾಣದಿದ್ದರೆ' ಎಂದು ಬರೆದ. ಎದುರಿಗೆ ಅಂಕಿ ಬರೆಯಲಿಲ್ಲ.
ಜಮಾಕ್ಕೋ ಖರ್ಚಿಗೋ, ಅದೂ ತಿಳಿಯಲಿಲ್ಲ ಅವನಿಗೆ.

ನಾನು ತೂಗುವವ, ನನಗೆ ಬೇರೆ ಲೆಕ್ಕ ಗಂಟುಬಿತ್ತು.
ಹಜರೇಸಾಬನಿಗೆ ಚೀಲಕ್ಕೆ ಆರೂವರೆ ರೂಪಾಯಿ.
ಹದಿಮೂರು ಸಾವಿರವೆಂದರೆ ಎರಡು ಸಾವಿರ ಚೀಲ,
ನಲವತ್ತೈದು ಕಿಲೋದಂತೆ ತೊಂಬತ್ತು ಟನ್ನು,
ನನ್ನ ಕಾಟಾ ಒಮ್ಮೆಗೆ ತಡೆಯದಷ್ಟು,
ಒಬ್ಬನ ಕುತ್ತಿಗೆಯ ಮೇಲೆ.
ಹೇಳಬಾರದಿತ್ತು. ಹೇಳಿದೆ.

ಅವನು ಕೇಳಿದ್ದೇ ಬೇರೆ: "ಅದರ ತೂಕ ಎಷ್ಟೈತಿ?"
ನೂರಾ ಎಪ್ಪತ್ತು ಇದ್ದೀತು.
"ನಾಕ ಚೀಲ," ಅಂದ. "ಮತ್ತ ಕೋಡು?"
ಕೋಡು ವರ್ಷಕ್ಕೊಮ್ಮೆ ತಾನೇ ಕೆಡವುತ್ತದಂತೆ,
ಲಾರಿಯವ ಹೇಳಿದ್ದ.
ಹಜರೇಸಾಬ ತಲೆಯ ಮೇಲಿನ ಸಿಂಬಿ ತೆಗೆದು
ಬಹಳ ಹೊತ್ತು ಅದನ್ನೇ ನೋಡಿದ.
"ಬರೀರಿ. ನನ್ನ ಹೆಸರ ಮೊದಲ ಬರೀರಿ."

ರಾತ್ರಿ ಯಾರ್ಡು ಖಾಲಿ. ಮೂವರೂ ಕಾಟಾದ ಮೇಲೆ ನಿಂತೆವು, ಸುಮ್ಮನೆ.
ಕೆಂಪು ಅಂಕಿ ಹೊಯ್ದಾಡಿ ನೂರಾ ತೊಂಬತ್ತಕ್ಕೆ ನಿಂತಿತು.
ಹತ್ತು ಕಿಲೋದ ಕೆಳಗಿನದ್ದನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ.
ಚನ್ನವೀರಯ್ಯ ಬೊಗಸೆ ಬಾಯಿಗಿಟ್ಟು ಕೂಗಲು ನೋಡಿದ,
ಎಮ್ಮೆ ಕರೆದ ಹಾಗೆ ಬಂತು.
ಮೋಟೆಬೆನ್ನೂರ ಕಡೆ ಯಾವುದೋ ಲಾರಿ ಹಾರ್ನು ಹೊಡೆಯಿತು.

ಹೋಗಿ ಬಂದ ಮೇಲೆ ಮತ್ತೆ ಇಲ್ಲೇ ನಿಲ್ಲಬೇಕು ಅಂತ ಮಾತಾಯಿತು.
ಚೀಟಿ ಹರಿದು ಕೊಟ್ಟೆ:
ಇಟ್ಟುಕೊಳ್ಳಿರಿ, ಇದು ಖಾಲಿ ಗಾಡಿಯ ತೂಕ.